ಓಪಿಯಾಯ್ಡ್ ರಿಸೆಪ್ಟರ್ ಪೇಪರ್ ಓದುವುದು ಹೇಗೆ? ಮೆಥಡ್ಸ್‌ನಿಂದ ಶುರು ಮಾಡಿ

"ಮಾರ್ಫಿನ್‌ಗಿಂತ ನೂರಾರು ಪಟ್ಟು ಬಲವಾದ ಹೊಸ ನೋವುನಿವಾರಕ, ಚಟ ಹಿಡಿಸುವುದಿಲ್ಲ, ಉಸಿರಾಟಕ್ಕೂ ತೊಂದರೆ ಇಲ್ಲ." ಈ ಥರದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅದರ ಹಿಂದೆ ಒಂದು ಪೇಪರ್ ಇರುತ್ತದೆ. ಅದನ್ನು ತೆರೆದರೆ ಕೆಐ, ಇಸಿ50, ಇ-ಮ್ಯಾಕ್ಸ್ ಅಂತ ಸಂಖ್ಯೆಗಳ ಸಾಲು. ಫಾರ್ಮಸಿಯೋ ಮೆಡಿಕಲ್ಲೋ ಓದುತ್ತಿರುವವರೂ ಇಲ್ಲಿ ಅಬ್‌ಸ್ಟ್ರ್ಯಾಕ್ಟ್ ಓದಿ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಈ ಕ್ಷೇತ್ರದಲ್ಲಿ ಅಬ್‌ಸ್ಟ್ರ್ಯಾಕ್ಟ್ ಹೇಳುವ ಮಾತಿಗೂ ಪ್ರಯೋಗ ನಿಜವಾಗಿ ತೋರಿಸಿದ್ದಕ್ಕೂ ನಡುವೆ ಅಂತರ ಜಾಸ್ತಿ.

ಪ್ರತಿ ಪೇಪರ್‌ಗೂ ಮೂರು ಪ್ರಶ್ನೆ ಕೇಳಿ. ಔಷಧ ರಿಸೆಪ್ಟರ್‌ಗೆ, ಅಂದರೆ ಕೋಶದ ಮೇಲೆ ಔಷಧ ಬಂದು ಕೂರುವ ಪ್ರೋಟೀನ್‌ಗೆ, ಅಂಟುತ್ತದೆಯೇ? ಅಂಟಿದ ಮೇಲೆ ಅಲ್ಲಿ ಏನು ಮಾಡುತ್ತದೆ? ಇಡೀ ಪ್ರಾಣಿಯಲ್ಲಿ ಏನಾಗುತ್ತದೆ? ಇವು ಮೂರೂ ಬೇರೆ ಬೇರೆ. ಒಂದರ ಉತ್ತರದಿಂದ ಇನ್ನೊಂದರ ಉತ್ತರ ತಾನಾಗಿ ಬರುವುದಿಲ್ಲ.

ಮೊದಲು, ಯಾವ ರಿಸೆಪ್ಟರ್?

ಮ್ಯೂ, ಡೆಲ್ಟಾ, ಕಪ್ಪಾ ಮತ್ತು ನೋಸಿಸೆಪ್ಟಿನ್ ರಿಸೆಪ್ಟರ್, ಅಂದರೆ ಎನ್‌ಒಪಿ. ಓಪಿಯಾಯ್ಡ್, ಅಂದರೆ ಮಾರ್ಫಿನ್ ಬಗೆಯ ಔಷಧಗಳ, ರಿಸೆಪ್ಟರ್ ಕುಟುಂಬದಲ್ಲಿ ಒಟ್ಟು ನಾಲ್ಕು. ಮಾರ್ಫಿನ್, ಫೆಂಟನಿಲ್ ಇವುಗಳ ಮುಖ್ಯ ಕೆಲಸವೆಲ್ಲ ಮ್ಯೂ ಮೂಲಕ. ನೋವು ಕಡಿಮೆ ಮಾಡುವುದೂ ಅದೇ, ಉಸಿರಾಟ ತಗ್ಗಿಸುವುದೂ ಅದೇ, ಚಟಕ್ಕೆ ದಾರಿಯೂ ಅದೇ. 1996ರಲ್ಲಿ ಬ್ರಿಜಿಟ್ ಕೀಫರ್ ಅವರ ತಂಡ ಮ್ಯೂ ಜೀನ್ ಇಲ್ಲದ ಇಲಿಗಳನ್ನು ಮಾಡಿ ನೋಡಿತು. ಆ ಇಲಿಗಳಿಗೆ ಮಾರ್ಫಿನ್ ಕೊಟ್ಟರೆ ನೋವೂ ಇಳಿಯಲಿಲ್ಲ, ಔಷಧದ ಮೇಲೆ ಆಸೆಯೂ ಹುಟ್ಟಲಿಲ್ಲ, ನಿಲ್ಲಿಸಿದಾಗ ವಿತ್‌ಡ್ರಾವಲ್ ಲಕ್ಷಣವೂ ಕಾಣಲಿಲ್ಲ. ಈ ಪ್ರಯೋಗ ನೆನಪಿರಲಿ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವುದು ಯಾಕೆ ಇಷ್ಟು ಕಷ್ಟ ಎಂದು ಅದು ಒಂದೇ ಏಟಿಗೆ ಹೇಳುತ್ತದೆ.

ಹಳೆಯ ಪೇಪರ್ ಓದುವಾಗ ಇನ್ನೊಂದು ಹೆಸರು ಸಿಗುತ್ತದೆ, ಸಿಗ್ಮಾ. 1976ರಲ್ಲಿ ವಿಲಿಯಂ ಮಾರ್ಟಿನ್ ನಾಯಿಗಳ ಮೇಲಿನ ಪ್ರಯೋಗದಿಂದ ಮ್ಯೂ, ಕಪ್ಪಾ, ಸಿಗ್ಮಾ ಎಂದು ಮೂರು ಬಗೆ ಗುರುತಿಸಿದರು. ಆಮೇಲೆ ಸಿಗ್ಮಾ ಓಪಿಯಾಯ್ಡ್ ರಿಸೆಪ್ಟರೇ ಅಲ್ಲ ಎಂದು ಗೊತ್ತಾಯಿತು. ಹಾಗಾಗಿ 80ರ ದಶಕದ ಪೇಪರ್‌ನಲ್ಲಿ "ಸಿಗ್ಮಾ ಓಪಿಯಾಯ್ಡ್" ಎಂದಿದ್ದರೆ ಇಂದಿನ ಅರ್ಥದಲ್ಲಿ ಓದಿಕೊಳ್ಳಬೇಡಿ.

ಅಂಟುವ ಪ್ರಶ್ನೆ

1973ರಲ್ಲಿ ಮೂರು ಗುಂಪುಗಳು, ಅಂದರೆ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಎರಿಕ್ ಸೈಮನ್, ಲಾರ್ಸ್ ಟೆರೇನಿಯಸ್, ಮೆದುಳಿನ ಅಂಗಾಂಶಕ್ಕೆ ಓಪಿಯಾಯ್ಡ್ ನಿರ್ದಿಷ್ಟವಾಗಿ ಅಂಟುತ್ತದೆ ಎಂದು ತೋರಿಸಿದವು. ವಿಧಾನ ಇವತ್ತಿಗೂ ಹೆಚ್ಚು ಕಡಿಮೆ ಅದೇ. ವಿಕಿರಣಶೀಲ ಲಿಗ್ಯಾಂಡ್ (ರಿಸೆಪ್ಟರ್‌ಗೆ ಅಂಟುವ ವಸ್ತು) ಒಂದನ್ನು ರಿಸೆಪ್ಟರ್‌ಗೆ ಅಂಟಿಸುತ್ತಾರೆ, ನಿಮ್ಮ ಔಷಧವನ್ನು ಹೆಚ್ಚಿಸುತ್ತಾ ಹೋಗುತ್ತಾರೆ, ಎಷ್ಟು ಹಾಕಿದಾಗ ಅರ್ಧದಷ್ಟು ಜಾಗ ಬಿಡುತ್ತದೆ ಎಂದು ಅಳೆಯುತ್ತಾರೆ. ಅದು ಐಸಿ50.

ಇಲ್ಲಿ ಮೊದಲ ಎಚ್ಚರ. ಎರಡು ಪೇಪರ್‌ಗಳ ಐಸಿ50ಯನ್ನು ನೇರವಾಗಿ ಹೋಲಿಸಬೇಡಿ. ವಿಕಿರಣಶೀಲ ಲಿಗ್ಯಾಂಡ್ ಎಷ್ಟು ಹಾಕಿದ್ದಾರೆ ಎಂಬುದರ ಮೇಲೆ ಆ ಸಂಖ್ಯೆ ಬದಲಾಗುತ್ತದೆ. ಅದಕ್ಕೇ ಚೆಂಗ್–ಪ್ರುಸಾಫ್ ಸೂತ್ರದಿಂದ ಕೆಐ, ಅಂದರೆ ಔಷಧದ ಅಂಟಿನ ಬಲ ಹೇಳುವ ಸಂಖ್ಯೆ, ಲೆಕ್ಕ ಹಾಕುತ್ತಾರೆ. ಲಿಗ್ಯಾಂಡ್ ಪ್ರಮಾಣ ಅದರ ಕೆಡಿಗೆ (ಅರ್ಧದಷ್ಟು ರಿಸೆಪ್ಟರ್ ತುಂಬಲು ಬೇಕಾದ ಪ್ರಮಾಣಕ್ಕೆ) ಸಮನಾಗಿದ್ದರೆ ಕೆಐ ಅಂದರೆ ಐಸಿ50ಯ ಅರ್ಧ. ಮೂರು ಪಟ್ಟು ಇದ್ದರೆ ಕಾಲು ಭಾಗ. ಮೆಥಡ್ಸ್‌ನಲ್ಲಿ ಈ ಎರಡು ಸಂಖ್ಯೆ ಇದ್ದರೆ ನೀವೇ ಲೆಕ್ಕ ಮಾಡಿ ನೋಡಬಹುದು, ಮಾಡಿ ನೋಡಿ. ಕೆಐ ಕಡಿಮೆ ಇದ್ದಷ್ಟೂ ಅಂಟು ಗಟ್ಟಿ. ಆದರೆ 1 ನ್ಯಾನೋಮೋಲಾರ್, 2 ನ್ಯಾನೋಮೋಲಾರ್ ನಡುವಿನ ವ್ಯತ್ಯಾಸಕ್ಕೆ ಜಾಸ್ತಿ ಬೆಲೆ ಕೊಡಬೇಡಿ.

ಬಫರ್, ಅಂದರೆ ಪ್ರಯೋಗ ನಡೆಯುವ ದ್ರಾವಣ, ಅದನ್ನೂ ನೋಡಿ. ಸುಮ್ನೆ ಹೇಳುತ್ತಿಲ್ಲ. ಸೋಡಿಯಂ ಇದ್ದರೆ ಅಗೋನಿಸ್ಟ್‌ಗಳ (ರಿಸೆಪ್ಟರ್ ಚಾಲೂ ಮಾಡುವ ಔಷಧಗಳ) ಅಂಟು ಸಡಿಲವಾಗುತ್ತದೆ, ನಾಲೋಕ್ಸೋನ್‌ನಂಥ ಆಂಟಗೋನಿಸ್ಟ್‌ಗಳದು (ಚಾಲೂ ಮಾಡದೆ ಜಾಗ ಮುಚ್ಚುವ ಔಷಧಗಳದು) ಆಗುವುದಿಲ್ಲ. ಇದನ್ನೂ ಸ್ನೈಡರ್ ಪ್ರಯೋಗಾಲಯವೇ 70ರ ದಶಕದಲ್ಲಿ ಕಂಡುಕೊಂಡಿತ್ತು. ರಿಸೆಪ್ಟರ್ ಒಳಗೆ ಸೋಡಿಯಂ ಕೂರುವ ಜಾಗ 2014ರಲ್ಲಿ ಡೆಲ್ಟಾ ರಿಸೆಪ್ಟರ್‌ನ ಕ್ರಿಸ್ಟಲ್ ರಚನೆಯಲ್ಲಿ ಕಣ್ಣಿಗೇ ಕಂಡಿತು. ಸೋಡಿಯಂ ಇಲ್ಲದ ಬಫರ್‌ನಲ್ಲಿ ಅಳೆದ ಕೆಐಯನ್ನು ದೇಹದೊಳಗಿನ ಸ್ಥಿತಿಗೆ ಹೊಂದಿಸುವ ಮುಂಚೆ ಸ್ವಲ್ಪ ಯೋಚಿಸಿ.

ಸೆಲೆಕ್ಟಿವ್ ಎಂಬ ಪದ ಕಂಡರೆ ಒಂದು ಸಣ್ಣ ಲೆಕ್ಕ ಮಾಡಿ. ಮ್ಯೂ ಕೆಐ 1, ಕಪ್ಪಾ ಕೆಐ 20 ನ್ಯಾನೋಮೋಲಾರ್ ಎಂದುಕೊಳ್ಳಿ. 20 ಪಟ್ಟು ಸೆಲೆಕ್ಟಿವ್, ಅಲ್ವಾ? ಈಗ ಪ್ರಯೋಗದಲ್ಲಿ 100 ನ್ಯಾನೋಮೋಲಾರ್ ಹಾಕಿದ್ದಾರೆ. ಮ್ಯೂ ಶೇ. 99 ತುಂಬುತ್ತದೆ, ಕಪ್ಪಾ ಶೇ. 83 ತುಂಬುತ್ತದೆ. ಅಷ್ಟು ಹಾಕಿದ ಮೇಲೆ ಸೆಲೆಕ್ಟಿವ್ ಎನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಅಂಟಿದ ಮೇಲೆ ಏನು?

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲೇ ಕೊಡಬೇಕು. ನಾಲೋಕ್ಸೋನ್ ಮ್ಯೂಗೆ ಚೆನ್ನಾಗಿ ಅಂಟುತ್ತದೆ, ಆದರೆ ಅದನ್ನು ಚಾಲೂ ಮಾಡುವುದಿಲ್ಲ. ಬ್ಯೂಪ್ರೆನಾರ್ಫಿನ್ ಇನ್ನೂ ಗಟ್ಟಿಯಾಗಿ ಅಂಟುತ್ತದೆ, ಚಾಲೂ ಮಾಡುವುದು ಅರೆಬರೆ. ಅಂಟಿನ ಬಲ ಮಾತ್ರ ನೋಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ರಿಸೆಪ್ಟರ್ ಚಾಲೂ ಆದರೆ ಜಿಐ ಬಗೆಯ ಜಿ-ಪ್ರೋಟೀನ್ (ಕೋಶದೊಳಗೆ ಸಿಗ್ನಲ್ ಒಯ್ಯುವ ಪ್ರೋಟೀನ್) ಎದ್ದೇಳುತ್ತದೆ, ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಇಳಿಯುತ್ತದೆ, ಕೆಲವು ಪೊಟ್ಯಾಸಿಯಂ ಚಾನೆಲ್ ತೆರೆಯುತ್ತವೆ, ಕ್ಯಾಲ್ಸಿಯಂ ಚಾನೆಲ್ ಮುಚ್ಚುತ್ತವೆ, ನರಕೋಶ ಸುಮ್ಮನಾಗುತ್ತದೆ. ಇದರಲ್ಲಿ ಯಾವ ಹಂತವನ್ನು ಅಳೆದಿದ್ದಾರೆ ಎಂದು ಹುಡುಕಿ. ಜಿಟಿಪಿ-ಗಾಮಾ-ಎಸ್ ಪ್ರಯೋಗ ಮೊದಲ ಹಂತದ್ದು. ಸೈಕ್ಲಿಕ್ ಎಎಂಪಿ ಪ್ರಯೋಗ ಕೆಳಗಿನ ಹಂತದ್ದು, ಅಲ್ಲಿಗೆ ಬರುವಷ್ಟರಲ್ಲಿ ಸಿಗ್ನಲ್ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ.

ಇಸಿ50 ಅಂದರೆ ಅರ್ಧ ಪರಿಣಾಮಕ್ಕೆ ಎಷ್ಟು ಬೇಕು ಎಂಬುದು. ಇ-ಮ್ಯಾಕ್ಸ್ ಅಂದರೆ ಎಷ್ಟೇ ಹಾಕಿದರೂ ಗರಿಷ್ಠ ಪರಿಣಾಮ ಎಷ್ಟು ಎಂಬುದು. "ನೂರು ಪಟ್ಟು ಬಲ" ಎಂಬ ಸುದ್ದಿ ಸಾಮಾನ್ಯವಾಗಿ ಮೊದಲನೆಯದರ ಮಾತು. ಡೋಸ್ ಚಿಕ್ಕದು ಸಾಕು ಎಂದಷ್ಟೇ ಅರ್ಥ, ನೋವು ನೂರು ಪಟ್ಟು ಇಳಿಯುತ್ತದೆ ಎಂದಲ್ಲ.

ಇ-ಮ್ಯಾಕ್ಸ್ ಶೇಕಡಾವಾರು ಇರುತ್ತದೆ, ಯಾವುದರ ಶೇಕಡಾ ಎಂದು ನೋಡಿ. ಮ್ಯೂಗೆ ಸಾಮಾನ್ಯವಾಗಿ ಡ್ಯಾಮ್‌ಗೋ ಎಂಬ ಪೆಪ್ಟೈಡನ್ನು 100 ಎಂದು ಹಿಡಿಯುತ್ತಾರೆ. ಮಾರ್ಫಿನ್ನನ್ನೇ 100 ಎಂದು ಹಿಡಿದಿದ್ದರೆ ಎಲ್ಲ ಸಂಖ್ಯೆಗಳೂ ಮೇಲೇರುತ್ತವೆ, ಯಾಕೆಂದರೆ ಸೂಕ್ಷ್ಮವಾಗಿ ಅಳೆದರೆ ಡ್ಯಾಮ್‌ಗೋ ಮುಂದೆ ಮಾರ್ಫಿನ್ ಕೂಡ ಭಾಗಶಃ ಅಗೋನಿಸ್ಟೇ.

ಇನ್ನೊಂದು ದೊಡ್ಡ ವಿಷಯ ರಿಸೆಪ್ಟರ್ ರಿಸರ್ವ್, ಅಂದರೆ ಬೇಕಾದದ್ದಕ್ಕಿಂತ ಹೆಚ್ಚಾಗಿರುವ ರಿಸೆಪ್ಟರ್. ಪ್ರಯೋಗಾಲಯದ ಎಚ್‌ಇಕೆ ಅಥವಾ ಸಿಎಚ್‌ಒ ಕೋಶಗಳಲ್ಲಿ ನರಕೋಶದಲ್ಲಿ ಇರುವುದಕ್ಕಿಂತ ತುಂಬಾ ಜಾಸ್ತಿ ರಿಸೆಪ್ಟರ್ ತುಂಬಿಸಿರಬಹುದು. ಹತ್ತು ಜನ ಎತ್ತಬಹುದಾದ ಕಲ್ಲನ್ನು ನೂರು ಜನ ಸೇರಿ ಎತ್ತಿದರೆ ಅವರಲ್ಲಿ ಬಲವಂತ ಯಾರು, ದುರ್ಬಲ ಯಾರು ಎಂದು ಹೇಗೆ ತಿಳಿಯುತ್ತದೆ? ಇಲ್ಲೂ ಹಾಗೇ ಆಗುತ್ತದೆ, ಅರೆಬರೆ ಅಗೋನಿಸ್ಟ್ ಕೂಡ ಶೇ. 100 ತೋರಿಸಿಬಿಡುತ್ತದೆ. ಒಳ್ಳೆಯ ತಂಡಗಳು ಬೀಟಾ-ಎಫ್‌ಎನ್‌ಎ ಥರದ, ಅಂಟಿದರೆ ಬಿಡದ ಆಂಟಗೋನಿಸ್ಟ್ ಹಾಕಿ ಒಂದಷ್ಟು ರಿಸೆಪ್ಟರ್ ಮುಚ್ಚಿ, ಮತ್ತೆ ಅಳೆಯುತ್ತವೆ. ಅದು ಪೇಪರ್‌ನಲ್ಲಿ ಇದ್ದರೆ ನನಗೆ ಆ ಪೇಪರ್ ಮೇಲೆ ನಂಬಿಕೆ ಹೆಚ್ಚಾಗುತ್ತದೆ.

ಬಯಸ್ಡ್ ಅಗೋನಿಸ್ಟ್ ಎಂದು ಕಂಡರೆ

1999ರಲ್ಲಿ ಲಾರಾ ಬೋನ್ ಮತ್ತು ಸಂಗಡಿಗರು ಬೀಟಾ-ಅರೆಸ್ಟಿನ್2 (ಚಾಲೂ ಆದ ರಿಸೆಪ್ಟರ್‌ಗೆ ಬಂದು ಸೇರಿ ಅದರ ಸಿಗ್ನಲ್ ತಗ್ಗಿಸುವ ಪ್ರೋಟೀನ್) ಇಲ್ಲದ ಇಲಿಗಳಲ್ಲಿ ಮಾರ್ಫಿನ್‌ನ ನೋವುನಿವಾರಣೆ ಹೆಚ್ಚಿದ್ದನ್ನು, ಹೆಚ್ಚು ಹೊತ್ತು ಉಳಿದದ್ದನ್ನು ಕಂಡರು. 2005ರ ವರದಿಯಲ್ಲಿ ಇಂಥ ಇಲಿಗಳಲ್ಲಿ ಉಸಿರಾಟದ ತೊಂದರೆಯೂ ಕಡಿಮೆ ಎಂದು ಬಂತು. ಇದರಿಂದ ಒಂದು ದೊಡ್ಡ ಆಸೆ ಹುಟ್ಟಿತು. ಜಿ-ಪ್ರೋಟೀನ್ ಮಾತ್ರ ಎಬ್ಬಿಸಿ ಅರೆಸ್ಟಿನ್ ಮುಟ್ಟದ ಔಷಧ, ಅಂದರೆ ಬಯಸ್ಡ್ ಅಗೋನಿಸ್ಟ್, ಮಾಡಿದರೆ ನೋವು ಹೋಗುತ್ತದೆ, ಅಪಾಯ ಉಳಿಯುವುದಿಲ್ಲ ಎಂದು. ಒಲಿಸೆರಿಡಿನ್ ಬಂತು, 2016ರಲ್ಲಿ ಪಿಝಡ್‌ಎಂ21 ಬಂತು.

ಆಮೇಲೆ ಏನಾಯಿತು ನೋಡಿ. 2018ರಲ್ಲಿ ಬೇರೆ ತಂಡವೊಂದು ಪಿಝಡ್‌ಎಂ21 ಕೂಡ ಇಲಿಗಳ ಉಸಿರಾಟ ತಗ್ಗಿಸುತ್ತದೆ ಎಂದು ತೋರಿಸಿತು. 2020ರಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಅರೆಸ್ಟಿನ್ ಇಲ್ಲದ ಇಲಿಗಳಲ್ಲೂ ಮಾರ್ಫಿನ್ ಉಸಿರಾಟ ತಗ್ಗಿಸುತ್ತದೆ ಎಂದು ವರದಿ ಮಾಡಿದವು. ಅದೇ ವರ್ಷದ ಇನ್ನೊಂದು ಕೆಲಸ, ಈ "ಬಯಸ್ಡ್" ಔಷಧಗಳಲ್ಲಿ ಕಾಣುವ ಲಾಭಕ್ಕೆ ಅವುಗಳ ಕಡಿಮೆ ಎಫಿಕಸಿಯೇ (ರಿಸೆಪ್ಟರ್ ಚಾಲೂ ಮಾಡುವ ಶಕ್ತಿಯೇ) ಸಾಕಷ್ಟು ವಿವರಣೆ ಎಂದು ವಾದಿಸಿತು. ಒಲಿಸೆರಿಡಿನ್‌ಗೆ ಅಮೆರಿಕದ ಎಫ್‌ಡಿಎ 2020ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಆದರೆ ಉಸಿರಾಟ ಮತ್ತು ಚಟದ ಬಗ್ಗೆ ಉಳಿದ ಓಪಿಯಾಯ್ಡ್‌ಗಳಿಗೆ ಇರುವಂಥದೇ ಬಾಕ್ಸ್ ಎಚ್ಚರಿಕೆಯೊಂದಿಗೆ.

ಹಾಗಾಗಿ ಬಯಾಸ್ ಎಂದು ಹೇಳುವ ಪೇಪರ್‌ನಲ್ಲಿ ನೀವು ಹುಡುಕಬೇಕಾದದ್ದು ಇದು. ಜಿ-ಪ್ರೋಟೀನ್ ಭಾಗವನ್ನು ಸಿಗ್ನಲ್ ತುಂಬಾ ದೊಡ್ಡದಾಗುವ ಪ್ರಯೋಗದಲ್ಲಿ, ಅರೆಸ್ಟಿನ್ ಭಾಗವನ್ನು ದೊಡ್ಡದಾಗದ ಪ್ರಯೋಗದಲ್ಲಿ ಅಳೆದಿದ್ದಾರೆಯೇ? ಹಾಗೆ ಅಳೆದರೆ ಯಾವುದೇ ದುರ್ಬಲ ಅಗೋನಿಸ್ಟ್ ಮೊದಲನೆಯದರಲ್ಲಿ ಪೂರ್ತಿ ಕೆಲಸ ಮಾಡಿದಂತೆ, ಎರಡನೆಯದರಲ್ಲಿ ಏನೂ ಮಾಡದಂತೆ ಕಾಣುತ್ತದೆ. ಪಕ್ಕದಲ್ಲಿ ಬ್ಯೂಪ್ರೆನಾರ್ಫಿನ್‌ನಂಥ ಗೊತ್ತಿರುವ ದುರ್ಬಲ ಅಗೋನಿಸ್ಟ್ ಇಟ್ಟು ಹೋಲಿಸಿದ್ದಾರೆಯೇ? ಇಲ್ಲದಿದ್ದರೆ ಬಯಾಸ್ ಎಂಬ ತೀರ್ಮಾನವನ್ನು ಒಪ್ಪಲು ಆತುರಪಡಬೇಡಿ. ಈ ಕನಸಿನ ಬೆನ್ನು ಹತ್ತಿ ಇಷ್ಟು ವರ್ಷ, ಇಷ್ಟು ಶ್ರಮ ಹೋಗಿದೆ. ನೋವಿನಲ್ಲಿರುವ ಜನ ಕಾಯುತ್ತಿದ್ದಾರೆ. ಅದಕ್ಕೇ ಇಲ್ಲಿ ಬಿಗಿಯಾಗಿ ಓದಬೇಕು ಎನ್ನುತ್ತೇನೆ.

ಬ್ಲಾಕ್ ಮಾಡಿ ನೋಡಿದ್ದಾರೆಯೇ?

"ಈ ಪರಿಣಾಮ ಮ್ಯೂನಿಂದಲೇ" ಎನ್ನಬೇಕಾದರೆ ಅದನ್ನು ಮುಚ್ಚಿ ತೋರಿಸಬೇಕು. ನಾಲೋಕ್ಸೋನ್ ಸಾಕು ಎಂದು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಆದರೆ ಡೋಸ್ ಹೆಚ್ಚಾದರೆ ಅದು ಡೆಲ್ಟಾ, ಕಪ್ಪಾಗಳನ್ನೂ ಮುಚ್ಚುತ್ತದೆ, ಎನ್‌ಒಪಿಯನ್ನು ಮುಟ್ಟುವುದೇ ಇಲ್ಲ. ಡೆಲ್ಟಾಗೆ ನಾಲ್‌ಟ್ರಿಂಡೋಲ್, ಕಪ್ಪಾಗೆ ನಾರ್-ಬಿಎನ್‌ಐ ಬಳಸಿದ್ದಾರಾ ನೋಡಿ. ನಾರ್-ಬಿಎನ್‌ಐ ಕೊಟ್ಟ ಸಮಯವನ್ನಂತೂ ತಪ್ಪದೆ ನೋಡಿ. ಕೊಟ್ಟ ಮೊದಲ ಕೆಲವು ಗಂಟೆ ಅದು ಮ್ಯೂವನ್ನೂ ಮುಚ್ಚುತ್ತದೆ, ಕಪ್ಪಾಗೆ ಸೀಮಿತವಾಗುವುದು ಒಂದು ದಿನದ ಹೊತ್ತಿಗೆ, ಆಮೇಲೆ ವಾರಗಟ್ಟಲೆ ಉಳಿಯುತ್ತದೆ. ಅರ್ಧ ಗಂಟೆ ಮುಂಚೆ ಕೊಟ್ಟು "ಕಪ್ಪಾ ಪರಿಣಾಮ" ಎಂದು ಬರೆದಿದ್ದರೆ ಆ ಮಾತು ನಿಲ್ಲುವುದಿಲ್ಲ.

ಪ್ರಾಣಿಯ ಪ್ರಯೋಗ

ಟೇಲ್ ಫ್ಲಿಕ್ 1941ರಿಂದ ಬಳಕೆಯಲ್ಲಿದೆ. ಬಾಲಕ್ಕೆ ಬಿಸಿ ತಾಗಿಸಿದರೆ ಎಷ್ಟು ಸೆಕೆಂಡಿಗೆ ಎಳೆದುಕೊಳ್ಳುತ್ತದೆ ಎಂಬ ಅಳತೆ, ಮುಖ್ಯವಾಗಿ ಬೆನ್ನುಹುರಿಯ ಪ್ರತಿಕ್ರಿಯೆ. ಚರ್ಮ ಸುಡಬಾರದೆಂದು ಒಂದು ಗಡುವು ಇಟ್ಟಿರುತ್ತಾರೆ, ಅಲ್ಲಿಯವರೆಗೆ ಬಾಲ ಎಳೆಯದಿದ್ದರೆ ಶೇ. 100 ಎಂದು ಬರೆದುಕೊಳ್ಳುತ್ತಾರೆ. ಸಾಮಾನ್ಯ ಸಮಯ 3 ಸೆಕೆಂಡ್, ಗಡುವು 10 ಸೆಕೆಂಡ್ ಆದರೆ 10ಕ್ಕೆ ಮುಟ್ಟಿದ ದುರ್ಬಲ ಔಷಧಕ್ಕೂ ಬಲವಾದ ಔಷಧಕ್ಕೂ ಒಂದೇ ಅಂಕ. ಬಿಸಿ ಹೆಚ್ಚಿಸಿಯೂ ನೋಡಿದ್ದಾರೆಯೇ ಎಂದು ಹುಡುಕಿ.

ಮತ್ತೆ, ಪ್ರಾಣಿಗೆ ನೋವು ಇಲ್ಲವೋ, ಅದು ಮಂಪರಿನಲ್ಲಿ ಅಲುಗಾಡಲಾರದೆ ಇದೆಯೋ? ಕಪ್ಪಾ ಅಗೋನಿಸ್ಟ್‌ಗಳಲ್ಲಿ ಈ ಗೊಂದಲ ಜಾಸ್ತಿ. ತಿರುಗುವ ಕೋಲಿನ ಮೇಲೆ ನಿಲ್ಲಿಸುವ ರೋಟರಾಡ್ ಪರೀಕ್ಷೆಯನ್ನು ಅದೇ ಡೋಸ್‌ನಲ್ಲಿ ಮಾಡಿರಬೇಕು. ಅಳೆಯುವವರಿಗೆ ಯಾವ ಪ್ರಾಣಿಗೆ ಏನು ಕೊಟ್ಟಿದೆ ಎಂದು ಗೊತ್ತಿರಬಾರದು. ಹೆಣ್ಣು ಗಂಡು ಎರಡೂ ಇದ್ದರೆ ಒಳ್ಳೆಯದು.

ಔಷಧ ಮೆದುಳಿಗೆ ತಲುಪುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ಭೇದಿಗೆ ಕೊಡುವ ಲೋಪೆರಮೈಡ್ ಮ್ಯೂನ ಬಲವಾದ ಅಗೋನಿಸ್ಟ್, ಆದರೆ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಅದನ್ನು ಮೆದುಳಿನಿಂದ ಆಚೆ ತಳ್ಳುತ್ತದೆ. ಕೋಡೀನ್‌ನದು ಇದಕ್ಕೆ ತಿರುಗು ಮುರುಗು. ಅದು ಮ್ಯೂಗೆ ಅಂಟುವುದೇ ಕಡಿಮೆ, ಲಿವರ್‌ನ ಸಿವೈಪಿ2ಡಿ6 ಕಿಣ್ವ ಅದರ ಒಂದು ಭಾಗವನ್ನು ಮಾರ್ಫಿನ್ ಮಾಡಿದ ಮೇಲೆ ಕೆಲಸ ಶುರು. ಡಿಶ್‌ನಲ್ಲಿನ ಕೆಐ ಮಾತ್ರ ನಂಬಿದ್ದರೆ ಎರಡರ ಬಗ್ಗೆಯೂ ತಪ್ಪು ಊಹೆ ಆಗುತ್ತಿತ್ತು.

ಓದುತ್ತಾ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ರಿಸೆಪ್ಟರ್ ಮನುಷ್ಯನದೋ ಇಲಿಯದೋ, ಯಾವ ಕೋಶ, ಬಫರ್‌ನಲ್ಲಿ ಸೋಡಿಯಂ ಇತ್ತೇ, ಹೋಲಿಕೆಗೆ ಯಾವ ಅಗೋನಿಸ್ಟ್, ಯಾವ ಆಂಟಗೋನಿಸ್ಟ್ ಎಷ್ಟು ಹೊತ್ತು ಮುಂಚೆ, ಡೋಸ್ ಎಷ್ಟು. ನಂತರ ಗೈಡ್ ಟು ಫಾರ್ಮಕಾಲಜಿ ಮತ್ತು ಪಿಡಿಎಸ್‌ಪಿ ಕೆಐ ಡೇಟಾಬೇಸ್ ತೆರೆದು ಅದೇ ಔಷಧಕ್ಕೆ ಬೇರೆಯವರು ಏನು ಅಳೆದಿದ್ದಾರೆ ನೋಡಿ, ಎರಡೂ ಉಚಿತ. ಸಂಖ್ಯೆ ಹತ್ತು ಪಟ್ಟು ಆಚೀಚೆ ಇದ್ದರೆ ನಿಮ್ಮ ಹಾಳೆಗೆ ವಾಪಸ್ ಬನ್ನಿ. ಬಹಳ ಸಲ ಕಾರಣ ಅಲ್ಲೇ, ಕೋಶದ ಅಥವಾ ಬಫರ್‌ನ ಸಾಲಿನಲ್ಲೇ ಸಿಗುತ್ತದೆ. ಸಿಗದಿದ್ದರೆ ಪೇಪರ್‌ನ ಮುಖ್ಯ ಲೇಖಕರಿಗೆ ಮೇಲ್ ಹಾಕಿ, ಪ್ರಶ್ನೆ ಒಂದೇ ಇರಲಿ, ಸ್ಪಷ್ಟವಾಗಿರಲಿ.