ಗೊರಕೆ ಯಂತ್ರದಲ್ಲಿ ಕೊರೋನಾ ಐಸಿಯು: ನನ್ನ ಅನುಭವ

2021ರ ಮೇಯಲ್ಲಿ ಮಂಗಳೂರಿನಿಂದ ಕಾಸರಗೋಡಿಗೆ ಬರುತ್ತಿದ್ದ ಆಕ್ಸಿಜನ್ ಸಿಲಿಂಡರ್ ನಿಂತಾಗ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಹೈ ಫ್ಲೋ ಯಂತ್ರ (ಮೂಗಿನ ನಳಿಕೆಯಲ್ಲಿ ಜೋರಾಗಿ ಆಕ್ಸಿಜನ್ ಬಿಡುವಂಥದ್ದು) ಇದ್ದದ್ದು ಒಂದೇ. ಅದನ್ನು ಓಡಿಸಲಿಕ್ಕೂ ಧೈರ್ಯ ಇರಲಿಲ್ಲ. ಜಂಬೋ ಸಿಲಿಂಡರ್‌ನಲ್ಲಿ ಇರುವುದು 7,000 ಲೀಟರ್. ಪೂರ್ತಿ ಆಕ್ಸಿಜನ್‌ನಲ್ಲಿ ನಿಮಿಷಕ್ಕೆ 60 ಲೀಟರ್ ಬಿಟ್ಟರೆ ಎರಡು ಗಂಟೆ ಕೂಡ ಬರಲ್ಲ. ಗೊರಕೆ ಕಾಯಿಲೆಯವರಿಗೆ ಮನೆಗೆ ಕೊಡುವ ಬೈಪ್ಯಾಪ್, ಅಂದರೆ ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರವನ್ನು ಸಿಪ್ಯಾಪ್ ಮೋಡ್‌ಗೆ (ಒಂದೇ ಸಮನೆ ಒತ್ತಡ) ಹಾಕಿ ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಸೇರಿಸಿದರೆ ಹನ್ನೊಂದು ಗಂಟೆ ಚಿಲ್ಲರೆ. 'ಗೊರಕೆ ಯಂತ್ರದಲ್ಲಿ ಕೊರೋನಾ ಪೇಷಂಟಾ?' ಅಂತ ನಕ್ಕವರು ಸುಮಾರು ಜನ.

ಹೈ ಫ್ಲೋ ಇನ್ನೊಂದು ತೆಗೆಯಲು ಆಗ ಎರಡೂವರೆ ಲಕ್ಷದ ಮೇಲೆ ಹೇಳುತ್ತಿದ್ದರು. ಬೈಪ್ಯಾಪ್ ನಲವತ್ತೈದು ಸಾವಿರದ ಆಸುಪಾಸು, ಹಳೆಯದು ಬಾಡಿಗೆಗೂ ಸಿಕ್ಕಿತು. ಆದರೆ ದುಡ್ಡು ತಿಂದದ್ದು ಯಂತ್ರ ಅಲ್ಲ, ಫಿಲ್ಟರ್. ತೂತಿಲ್ಲದ ಮಾಸ್ಕ್, ಅದರ ಬಾಯಿಗೆ ವೈರಲ್ ಫಿಲ್ಟರ್, ಆಮೇಲೆ ಗಾಳಿ ಹೊರಹೋಗುವ ಪೋರ್ಟ್. ಈ ಕ್ರಮ ತಪ್ಪಿದರೆ ವೈರಸ್ ವಾರ್ಡಿಗೆಲ್ಲ. ಫಿಲ್ಟರ್ ಒದ್ದೆಯಾದರೆ ಪೇಷಂಟ್ ಏದುಸಿರು ಬಿಡುತ್ತಾನೆ, ಹಾಗಾಗಿ ದಿನಕ್ಕೊಂದಾದರೂ ಬೇಕು. ಒಂದಕ್ಕೆ ಆಗ 250 ರೂಪಾಯಿ ಇದ್ದಿರಬೇಕು. ಅಕೌಂಟ್ಸ್‌ನವರು ನನ್ನನ್ನು ಕಂಡರೆ ಬಾಗಿಲು ಹಾಕುತ್ತಿದ್ದರು.

ಮೊದಲ ಕೆಲವರು ಹತ್ತು ನಿಮಿಷಕ್ಕೇ ಮಾಸ್ಕ್ ಕಿತ್ತೆಸೆದರು. ಆಮೇಲೆ ಗಾಳಿಯ ಒತ್ತಡ 5ರಲ್ಲಿ (ಸೆಂ.ಮೀ. ನೀರಿನ ಲೆಕ್ಕ) ಶುರು ಮಾಡಿದೆವು. ಬೆಲ್ಟ್ ಬಿಗಿಯದೆ ಸಿಸ್ಟರ್ ಕೈಯಲ್ಲೇ ಮಾಸ್ಕ್ ಹಿಡಿದು, ತುಳುವೋ ಮಲಯಾಳವೋ ಬ್ಯಾರಿಯೋ, ಅವರವರ ಭಾಷೆಯಲ್ಲಿ ಮಾತಾಡಿಸುತ್ತಾ 8, 10ಕ್ಕೆ ಏರಿಸುವುದು. ಒಗ್ಗಿದವರನ್ನು ಮಾಸ್ಕ್ ಸಮೇತ ಕವುಚಿ ಮಲಗಿಸಿದೆವು.

ಬದಿಯಡ್ಕ ಕಡೆಯ ಒಬ್ಬ ಅಜ್ಜಿಗೆ ಏನು ಮಾಡಿದರೂ ಲೀಕ್ (ಮಾಸ್ಕಿನ ಬದಿಯಿಂದ ಸೋರುವ ಗಾಳಿ) ನಿಮಿಷಕ್ಕೆ 70 ಲೀಟರಿನಿಂದ ಇಳಿಯಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. 'ಅಜ್ಜೀ, ಹಲ್ಲಿನ ಸೆಟ್ ಎಲ್ಲಿ?' ಅಂದೆ. ದಿಂಬಿನಡಿಯ ಎಲೆಯಡಿಕೆ ಚೀಲಕ್ಕೆ ಬೆರಳು ತೋರಿಸಿದರು. ತೊಳೆದು ಹಾಕಿಸಿದ್ದೇ ಕೆನ್ನೆ ತುಂಬಿತು, ಲೀಕ್ ಮೂವತ್ತರೊಳಗೆ ಬಂತು. 84 ಇದ್ದ ಸ್ಯಾಚುರೇಶನ್ ಅರ್ಧ ಗಂಟೆಯಲ್ಲಿ 92. ಗಡ್ಡದವರಿಗೆ ಬೇರೆ ಉಪಾಯ ಇದೆ. ಅದನ್ನು ಬರೆಯಲ್ಲ, ಬಂದರೆ ತೋರಿಸುತ್ತೇನೆ.

ನಡುವೆ ಸ್ನಾರ್ಕೆಲ್ ಮಾಸ್ಕಿನ (ಈಜುವವರು ಇಡೀ ಮುಖಕ್ಕೆ ಹಾಕುವಂಥದ್ದು) ಹುಚ್ಚೂ ಹಿಡಿದಿತ್ತು. 2020ರಲ್ಲಿ ಇಟಲಿಯವರು ಅದನ್ನು ಸಿಪ್ಯಾಪ್‌ಗೆ ಜೋಡಿಸಿದ್ದರಲ್ವಾ? ಪರಿಚಯದ ಇಂಜಿನಿಯರಿಂಗ್ ಹುಡುಗರಿಂದ ಕನೆಕ್ಟರ್ ತ್ರೀಡಿ ಪ್ರಿಂಟ್ ಮಾಡಿಸಿ ಮೊದಲು ನಾನೇ ಹಾಕಿ ನೋಡಿದೆ. ಗಾಜೆಲ್ಲ ಮಂಜು, ಬಿಟ್ಟ ಉಸಿರೇ ವಾಪಸ್ ಮೂಗಿಗೆ. ಈಗ ಅದನ್ನು ಮಕ್ಕಳು ಬೇಕಲ ಬೀಚಿಗೆ ಒಯ್ಯುತ್ತಾರೆ.

ಎಲ್ಲರೂ ಉಳಿದರು ಅಂತಲ್ಲ. ಹತ್ತರಲ್ಲಿ ಮೂರ್ನಾಲ್ಕು ಜನಕ್ಕೆ ಟ್ಯೂಬ್ (ಗಂಟಲಿಗೆ ನಳಿಗೆ ಹಾಕಿ ವೆಂಟಿಲೇಟರ್) ಬೇಕೇ ಆಯಿತು. ಒಂದೆರಡು ಗಂಟೆ ಕಳೆದರೂ ಕತ್ತಿನ ಸ್ನಾಯು ಎಳೆಯುತ್ತಿದ್ದರೆ, ಉಸಿರಾಟ ನಿಮಿಷಕ್ಕೆ 35ರಿಂದ ಇಳಿಯದಿದ್ದರೆ, ಮಂಪರು ಬಂದರೆ ಸುಮ್ನೆ ಕಾಯಬಾರದು. ಸ್ಯಾಚುರೇಶನ್ ಚೆನ್ನಾಗಿದೆ ಅಂತ ನಂಬಿ ಕೂರಲೂಬಾರದು.

2022ರ ಜನವರಿಯಲ್ಲಿ ಬ್ರಿಟನ್ನಿನ ರಿಕವರಿ-ಆರ್‌ಎಸ್ ಅನ್ನುವ ಕೊರೋನಾ ಪೇಷಂಟ್‌ಗಳ ಅಧ್ಯಯನ ಪ್ರಕಟವಾಯಿತು. ಟ್ಯೂಬ್ ಅಥವಾ ಸಾವು ಸಿಪ್ಯಾಪ್‌ನಲ್ಲಿ ನೂರಕ್ಕೆ 36, ಮಾಮೂಲಿ ಆಕ್ಸಿಜನ್‌ನಲ್ಲಿ 44. ಹೈ ಫ್ಲೋನಿಂದ ಅಂಥ ಲಾಭ ಕಾಣಲಿಲ್ಲ. ನಕ್ಕವರಿಗೆಲ್ಲ ಪಿಡಿಎಫ್ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಈಗ ಮಳೆಗಾಲದ ಎಚ್1ಎನ್1ಗೂ ನಮ್ಮಲ್ಲಿ ಅದೇ ಸೆಟ್. ತರಿಸುವವರು ಮೀಡಿಯಂ ಮಾಸ್ಕ್ ಜಾಸ್ತಿ ತರಿಸಿ, ನಮ್ಮ ಲಾರ್ಜ್ ಎಲ್ಲ ಕಪಾಟಿನಲ್ಲೇ ಇದೆ.