ಪೆನ್ಸಿಲ್ವೇನಿಯಾದ ಹಳ್ಳಿಕಡೆ ಮನೆ ಕೊಂಡವರಿಗೆ: ಹಿತ್ತಲ ಫರ್ನೇಸಿನ ವಿಚಾರ

ಈಶಾನ್ಯ ಪೆನ್ಸಿಲ್ವೇನಿಯಾದಲ್ಲಿ ಊರಾಚೆಗೆ ಮನೆ ನೋಡಲು ಹೋದರೆ, ಹಿತ್ತಲಲ್ಲಿ ಹೊಗೆಕೊಳವೆ ಇರುವ ತಗಡಿನ ಪುಟ್ಟ ಗೂಡು ಕಂಡೀತು. ಸಾಮಾನು ಇಡುವ ಶೆಡ್ ಅಲ್ಲ ಅದು, ಮನೆಯನ್ನು ಬೆಚ್ಚಗಿಡುವ ಫರ್ನೇಸ್. ಬಚ್ಚಲೊಲೆ ಉರಿಸಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಂಕಿಗೂಡಿನ ಸುತ್ತ ತುಂಬಿದ ನೀರು ಹಂಡೆಯಲ್ಲಿ ಕಾಯುವಂತೆ ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ನೆಲದಡಿಯ ಪೈಪಿನಲ್ಲಿ ಪಂಪು ಅದನ್ನು ಮನೆಯೊಳಕ್ಕೆ ತಳ್ಳುತ್ತದೆ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಹಾಗಾಗಿ ಜನರೇಟರ್ ಇರಲೇಬೇಕು.

ಎಲ್ಲಕ್ಕಿಂತ ಮುಖ್ಯ ಒಣ ಸೌದೆ. ನಮ್ಮ ಮೊದಲ ಚಳಿಗಾಲಕ್ಕೆ ನಾನು ಅಕ್ಟೋಬರಿನಲ್ಲಿ ಓಕ್ ಸೌದೆ ತರಿಸಿದೆ. ಮಾರಿದವರು ಒಣಗಿದೆ ಎಂದರು, ನಂಬಿದೆ. ಡಿಸೆಂಬರಿನಲ್ಲಿ ರಾತ್ರಿಯಿಡೀ ಬರೀ ಹೊಗೆ. ನೀರು ಕಾಯಲಿಲ್ಲ, ಮಕ್ಕಳು ಜಾಕೆಟ್ ಹಾಕಿಕೊಂಡೇ ಮಲಗಿದರು, ಪಕ್ಕದ ಮನೆಯ ಅಜ್ಜಿ ಕೆಮ್ಮುತ್ತಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದ್ದರಿಂದ ಒಂದು ತುಂಡನ್ನು ಎದುರಿಗೇ ಸೀಳಿಸಿ, ಒಳಮೈಗೆ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿ. ಶೇ. 20ಕ್ಕಿಂತ ಕಡಿಮೆ ಇರಬೇಕು. ಓಕ್ ಆದರೆ ಸೀಳಿ ಒಟ್ಟಿದ ಮೇಲೆ ಎರಡು ವರ್ಷ ಗಾಳಿ ಬಿಸಿಲು ಕಾಣಲಿ. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆ ತುಂಬಿಸುತ್ತಿದ್ದ ನಮ್ಮ ಹಿರಿಯರ ಲೆಕ್ಕವೇ ಇಲ್ಲಿಯೂ, ಅವಧಿ ಮಾತ್ರ ದೊಡ್ಡದು. ಕೊಳ್ಳುವಾಗ 'ಕಾರ್ಡ್' (cord) ಎಂಬ ಸೌದೆಯ ಅಳತೆಯ ಲೆಕ್ಕದಲ್ಲಿ ಕೊಳ್ಳಿ: ಒಟ್ಟಿದ ರಾಶಿ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ, ಅಂದರೆ 128 ಘನ ಅಡಿ. 'ಒಂದು ಲೋಡ್' ಎಂಬ ಮಾತಿಗೆ ಅಳತೆಯೇ ಇಲ್ಲ.

ಇದು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿನ ಸೀಮೆ. ಸೌದೆ, ಕಲ್ಲಿದ್ದಲು ಎರಡನ್ನೂ ಉರಿಸುವ ಮಾದರಿಗಳಿವೆ. ನಿಮ್ಮದು ಅಂಥದ್ದೇ ಎಂದು ಅದರ ಕೈಪಿಡಿ ಹೇಳದಿದ್ದರೆ ಕಲ್ಲಿದ್ದಲು ಹಾಕಲೇಬೇಡಿ. ಆಂಥ್ರಸೈಟಿಗೆ ಗಾಳಿ ಕೆಳಗಿನಿಂದ ಬರಬೇಕು. ಮೊದಲು ಸೌದೆಯಿಂದ ಒಳ್ಳೆಯ ಕೆಂಡ ಮಾಡಿಕೊಂಡು, ಮೇಲೆ ಸ್ವಲ್ಪ ಸ್ವಲ್ಪವೇ ಹರಡಿ. ಹತ್ತಿದ ಮೇಲೆ ಸೌದೆ ಬೆಂಕಿಯಂತೆ ಕೋಲಿನಿಂದ ಕೆದಕಿದರೆ ಆರಿಹೋಗುತ್ತದೆ. ಅಡಿಯ ಜಾಲರಿಯನ್ನಷ್ಟೇ ಅಲ್ಲಾಡಿಸಿ ಬೂದಿ ಉದುರಿಸಬೇಕು.

ಫರ್ನೇಸಿನ ಬಾಗಿಲನ್ನು ಒಮ್ಮೆಲೇ ಎಳೆದು ತೆರೆಯಬೇಡಿ. ಮೊದಲು ತುಸುವೇ ಸಡಿಲಿಸಿ ನಿಲ್ಲಿ, ಇಲ್ಲದಿದ್ದರೆ ಒಳಗಿನ ಅನಿಲ ಭಗ್ಗನೆ ಹೊತ್ತಿ ಮುಖಕ್ಕೆ ಬಂದೀತು. ಕಸ, ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ ಯಾವುದೂ ಒಳಗೆ ಹೋಗಕೂಡದು. ಹೊಸದಾಗಿ ಕೂರಿಸುವವರು ಮುಂಚೆಯೇ ಟೌನ್‌ಶಿಪ್ (ಸ್ಥಳೀಯ ಆಡಳಿತ) ಕಚೇರಿಯಲ್ಲಿ ನಿಯಮ ಕೇಳಿ, ಮನೆಯ ವಿಮೆಯವರಿಗೂ ತಿಳಿಸಿ.

ಚಳಿ ಮುಗಿದ ವಾರವೇ ಬೆಂಕಿಗೂಡನ್ನು ಪೂರ್ತಿ ಕೆರೆದು ಶುಚಿ ಮಾಡಿ. ಕಲ್ಲಿದ್ದಲಿನ ಬೂದಿ ಬೇಸಿಗೆಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ, ಮನೆಯಿಂದ ದೂರ ಇಡಿ. ಅದರೊಳಗೆ ದಿನಗಟ್ಟಲೆ ಕೆಂಡ ಅಡಗಿರುತ್ತದೆ. ಬಸಳೆ ಬುಡಕ್ಕೆ ಹಾಕುವುದಾದರೆ ಬರೀ ಸೌದೆಯ ಬೂದಿ, ಅದೂ ಹಿಡಿಯಷ್ಟೇ. ಕಲ್ಲಿದ್ದಲಿನ ಬೂದಿಯಲ್ಲಿ ಆರ್ಸೆನಿಕ್‌ನಂಥ ವಿಷವಿರುತ್ತದೆ, ತರಕಾರಿ ಮಡಿಯ ಹತ್ತಿರಕ್ಕೂ ತರಬೇಡಿ.