ನಿಮ್ಮ ಫೋಟೊ ಯಾರದೋ ಫ್ಲೆಕ್ಸ್‌ನಲ್ಲಿ: ತೆಗೆಸುವ ಮುನ್ನ ಉಳಿಸಿಕೊಳ್ಳಿ

ನನ್ನ ಚಿಕ್ಕಮ್ಮನ ಮಗಳು ತಾಲ್ಲೂಕು ಪೇಟೆಯೊಂದರ ಬಸ್ ನಿಲ್ದಾಣದ ಎದುರು ನೇತಾಡುತ್ತಿದ್ದಳು. ಆರಡಿ ಅಗಲದ ಫ್ಲೆಕ್ಸ್. ಮೇಲೆ ಬ್ಯೂಟಿ ಪಾರ್ಲರ್ ಹೆಸರು, ಕೆಳಗೆ 'ಮದುಮಗಳ ಮೇಕಪ್ ಮಾಡಲಾಗುವುದು', ನಡುವೆ ಇವಳ ಆರತಕ್ಷತೆಯ ಫೋಟೊ. ಪಕ್ಕದಲ್ಲಿದ್ದ ಗಂಡನನ್ನು ಕತ್ತರಿಸಿ ಎಸೆದಿದ್ದರು. ಆದರೆ ಇವಳ ಭುಜದ ಮೇಲಿದ್ದ ಅವನ ನಾಲ್ಕು ಬೆರಳು ಹಾಗೇ ಉಳಿದುಬಿಟ್ಟಿದ್ದವು. ಬಸ್ಸಿನಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು ಫೋನ್ ಮಾಡಿ 'ಪಾರ್ಲರ್ ಯಾವಾಗ ಶುರು ಮಾಡಿದೆ, ಹೇಳಲೇ ಇಲ್ಲ?' ಎಂದು ಕೇಳಿದಾಗಲೇ ನಮಗೆ ಗೊತ್ತಾಗಿದ್ದು.

ಅವಳು ಆ ಪಾರ್ಲರ್‌ನ ಮೆಟ್ಟಿಲು ತುಳಿದವಳೇ ಅಲ್ಲ. ಸಿಟ್ಟು ನೆತ್ತಿಗೇರಿ, ಫ್ಲೆಕ್ಸ್‌ನಲ್ಲಿದ್ದ ನಂಬರಿಗೇ ಫೋನ್ ಮಾಡಿ ಬೈದಳು. 'ನೆಟ್‌ನಲ್ಲಿ ಸಿಕ್ಕಿದ್ದು ಮೇಡಂ, ಫ್ಲೆಕ್ಸ್ ಅಂಗಡಿಯವನು ಹಾಕಿದ್ದಾನೆ' ಎಂಬ ಉತ್ತರ ಬಂತು. ಸಂಜೆಯೊಳಗೆ ಫ್ಲೆಕ್ಸ್ ಇಳಿಯಿತು, ಪಾರ್ಲರ್‌ನ ಇನ್‌ಸ್ಟಾಗ್ರಾಂ ಪುಟದಲ್ಲಿದ್ದ ಅದೇ ಫೋಟೊ ಕೂಡ ಮಾಯವಾಯಿತು. ಗೆದ್ದೆವು ಅಂದುಕೊಂಡೆವು. ಮೂರು ವಾರ ಕಳೆದ ಮೇಲೆ ಬೇರೆ ಹೆಸರಿನ ಪುಟದಲ್ಲಿ ಅದೇ ಮುಖ, ಅದೇ ಬೆರಳು. ಈ ಸಲ ದೂರು ಕೊಟ್ಟೇ ಬಿಡೋಣ ಎಂದು ಹೊರಟರೆ, ಮೊದಲ ಸಲದ್ದಕ್ಕೆ ನಮ್ಮ ಕೈಯಲ್ಲಿದ್ದದ್ದು ಓಡುವ ಬಸ್ಸಿನ ಕಿಟಕಿಯಿಂದ ಯಾರೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಒಂದು ಮಸುಕು ಚಿತ್ರ ಮಾತ್ರ. ತೆಗೆಸುವ ಆತುರದಲ್ಲಿ ಸಾಕ್ಷ್ಯವನ್ನೂ ನಾವೇ ತೆಗೆಸಿಹಾಕಿದ್ದೆವು.

ಈ ಕೆಲಸದಲ್ಲಿ ಯಾವುದರ ನಂತರ ಯಾವುದು ಎನ್ನುವುದು ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ನಾವು ಎಡವಿ ಕಲಿತ ಕ್ರಮ ಇಲ್ಲಿದೆ.

ಹೆಜ್ಜೆ 1: ಬಾಯಿ ಬಿಡುವ ಮೊದಲು ಉಳಿಸಿ

ಕದ್ದವರಿಗೆ ಫೋನ್, ಮೆಸೇಜ್, ಕಾಮೆಂಟ್ ಏನೂ ಬೇಡ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಫೋಟೊ ಒಂದನ್ನೇ ಹಿಗ್ಗಿಸಿ ತೆಗೆದರೆ ಉಪಯೋಗವಿಲ್ಲ. ಖಾತೆಯ ಹೆಸರು, ಪೋಸ್ಟ್ ಹಾಕಿದ ದಿನ, ನಿಮ್ಮ ಫೋನಿನ ಗಡಿಯಾರ ಎಲ್ಲ ಒಂದೇ ಚೌಕಟ್ಟಿನಲ್ಲಿ ಇರಲಿ. ಆಮೇಲೆ ಲಿಂಕ್ ಕಾಪಿ ಮಾಡಿ ಒಂದು ಕಡೆ ಬರೆದಿಡಿ. ಖಾತೆಯ ಹೆಸರು ನಾಳೆ ಬದಲಾಗಬಹುದು. ಇನ್‌ಸ್ಟಾಗ್ರಾಂನಲ್ಲಿ ಪ್ರೊಫೈಲ್‌ನ ಮೂರು ಚುಕ್ಕಿ ಒತ್ತಿ 'ಅಬೌಟ್ ದಿಸ್ ಅಕೌಂಟ್' ತೆರೆದರೆ ಆ ಖಾತೆ ಯಾವ ತಿಂಗಳು ಶುರುವಾಯಿತು ಎಂಬುದು ಸಿಗುತ್ತದೆ. ಅದನ್ನೂ ಹಿಡಿದಿಡಿ. ಸಾಧ್ಯವಾದರೆ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ: ಆ್ಯಪ್ ತೆರೆಯುವುದರಿಂದ ಹಿಡಿದು ಫೋಟೊ ಕಾಣುವವರೆಗೆ, ನಡುವೆ ಎಲ್ಲೂ ನಿಲ್ಲಿಸದೆ.

ಮೂಲ ಫೋಟೊವನ್ನು ಹುಡುಕಿ ಬೇರೆ ಇಡಿ. ಕ್ಯಾಮೆರಾದಿಂದ ಬಂದ ಮೂಲ ಫೈಲ್‌ನಲ್ಲಿ ತೆಗೆದ ದಿನ, ಹೊತ್ತು, ಕ್ಯಾಮೆರಾ ಮಾದರಿ ಅಡಗಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಕೂಡಲೇ ಅವೆಲ್ಲ ಉದುರಿಹೋಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ. ನಮ್ಮ ಪ್ರಕರಣದಲ್ಲಿ ಕೊನೆಗೆ ಕೈ ಹಿಡಿದದ್ದು ಆ ನಾಲ್ಕು ಬೆರಳು. ಮೂಲ ಚಿತ್ರದಲ್ಲಿ ಬೆರಳಿಗೆ ಒಡೆಯನೂ ಇದ್ದ.

ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಕೋರ್ಟಿನ ಮೆಟ್ಟಿಲೇರಿದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೊಡಬೇಕು. ವಕೀಲರು ಈಗಲೂ ಅಭ್ಯಾಸಬಲದಿಂದ ಹಳೆಯ ಕಾಯ್ದೆಯ ಸಂಖ್ಯೆ ಹಿಡಿದು 'ಸಿಕ್ಸ್ಟಿಫೈವ್ ಬಿ' ಅನ್ನುವುದು ಇದನ್ನೇ.

ವಾಟ್ಸ್‌ಆ್ಯಪ್ ಡಿಪಿಗೆ ನಿಮ್ಮ ಮುಖ ಹಾಕಿಕೊಂಡು 'ನನ್ನ ನಂಬರ್ ಬದಲಾಗಿದೆ, ಅರ್ಜೆಂಟಾಗಿ ಇಪ್ಪತ್ತು ಸಾವಿರ ಹಾಕು' ಎನ್ನುವ ಕಾಟ ಬೇರೆಯದು. ಆ ಮೆಸೇಜ್ ಬಂದವರಿಂದಲೇ ನಂಬರ್ ಸಮೇತ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ, ಆಮೇಲೆ ಅವರೇ ರಿಪೋರ್ಟ್ ಮಾಡಲಿ. ರಿಪೋರ್ಟ್ ಜೊತೆ ಕೊನೆಯ ಐದು ಮೆಸೇಜ್ ಕಂಪನಿಗೆ ಹೋಗುತ್ತವೆ. ಯಾರಾದರೂ ಆಗಲೇ ದುಡ್ಡು ಹಾಕಿಬಿಟ್ಟಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯಲು ಇರುವ ದಾರಿ ಅದು.

ಹೆಜ್ಜೆ 2: ಇನ್ನೆಲ್ಲೆಲ್ಲಿದೆ ನೋಡಿ

ಚಿತ್ರ ಕೊಟ್ಟರೆ ಅದು ಎಲ್ಲೆಲ್ಲಿದೆ ಎಂದು ಹುಡುಕುವ ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಹುಡುಕಿ. ಒಮ್ಮೆ ಪೂರ್ತಿ ಚಿತ್ರ, ಒಮ್ಮೆ ಕತ್ತರಿಸಿದ ಚಿತ್ರ. ಪ್ರೈವೇಟ್ ಖಾತೆಗಳ ಒಳಗಿರುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುವುದು ಇದರಲ್ಲಿ ಸಿಗುವುದಿಲ್ಲ. 'ನಿಮ್ಮ ಮುಖ ಎಲ್ಲೆಲ್ಲಿದೆ ಹುಡುಕಿಕೊಡುತ್ತೇವೆ' ಎನ್ನುವ ತಾಣಗಳಿಗೆ ಮುಖ ಒಪ್ಪಿಸುವುದು, ಕಳ್ಳನನ್ನು ಹಿಡಿಯಲು ಬೀಗದ ಕೈಯನ್ನೇ ಅಪರಿಚಿತನಿಗೆ ಕೊಟ್ಟಂತೆ. ನಾನಂತೂ ಕೊಡಲಿಲ್ಲ.

ನಮ್ಮ ಹುಡುಕಾಟ ಹೋಗಿ ನಿಂತದ್ದು ಮದುವೆ ಸ್ಟುಡಿಯೊದ ಪುಟದಲ್ಲಿ. ಕೇಳದೆ ಹಾಕಿಕೊಂಡಿದ್ದರು. ಫ್ಲೆಕ್ಸ್ ಅಂಗಡಿಗೆ ಫೋಟೊ 'ನೆಟ್‌ನಲ್ಲಿ ಸಿಕ್ಕಿದ್ದು' ಅಲ್ಲಿಂದ.

ಹೆಜ್ಜೆ 3: ತಾಣಕ್ಕೆ ದೂರು

ಗೆಳತಿಯರ ಗುಂಪಿಗೆ 'ಎಲ್ಲರೂ ರಿಪೋರ್ಟ್ ಮಾಡ್ರೇ' ಎಂದು ಹಾಕುವುದು ವಾಡಿಕೆ. ಎಷ್ಟು ಜನ ರಿಪೋರ್ಟ್ ಮಾಡಿದರು ಎಂಬುದನ್ನು ನೋಡಿ ತೆಗೆಯುವುದಿಲ್ಲ ಎಂದು ಇನ್‌ಸ್ಟಾಗ್ರಾಂ ತಾನೇ ಹೇಳಿಕೊಂಡಿದೆ. ನೂರು ಜನ 'ಸ್ಪ್ಯಾಮ್' ಒತ್ತುವುದರ ಬದಲು ಫೋಟೊದಲ್ಲಿರುವವರೇ ಸರಿಯಾದ ಕಾರಣ ಆರಿಸಿ ಒಂದು ದೂರು ಕೊಡಲಿ. ನಿಮ್ಮಂತೆ ನಟಿಸುವ ಖಾತೆಯಾದರೆ 'ಬೇರೆಯವರಂತೆ ನಟನೆ', ಅದರಲ್ಲಿ 'ನಾನು'. ನಿಮಗೆ ಅಲ್ಲಿ ಖಾತೆಯೇ ಇಲ್ಲದಿದ್ದರೂ ತುಂಬಬಹುದಾದ ಫಾರ್ಮ್‌ಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸಹಾಯ ಪುಟಗಳಲ್ಲಿವೆ. ಗುರುತಿನ ಚೀಟಿ ಕೇಳಿದರೆ ಪೂರ್ತಿ ಆಧಾರ್ ಹಾಕಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಯುಐಡಿಎಐ ತಾಣದಲ್ಲೇ ಸಿಗುತ್ತದೆ.

ಉತ್ತರ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಮಾಹಿತಿ ತಂತ್ರಜ್ಞಾನ ನಿಯಮಗಳು 2021ರಲ್ಲಿ ಬಂದಾಗಿನಿಂದ ಇಂಥ ಅಧಿಕಾರಿಯ ಹೆಸರು, ವಿಳಾಸವನ್ನು ತಾಣದಲ್ಲಿ ಹಾಕುವುದು ಕಡ್ಡಾಯ. ಬೆತ್ತಲೆ ಚಿತ್ರ, ಬೇರೆಯವರಂತೆ ನಟಿಸುವ ಖಾತೆ, ತಿರುಚಿದ ಚಿತ್ರ ಈ ಮೂರಕ್ಕೂ ದೂರು ಬಂದ ಎರಡು ಗಂಟೆ ದಾಟುವಂತಿಲ್ಲ; 2026ರ ಫೆಬ್ರುವರಿವರೆಗೆ ಈ ಗಡುವು 24 ಗಂಟೆ ಇತ್ತು. ಅಲ್ಲೂ ನ್ಯಾಯ ಸಿಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಿಂದ ಇದೆ, ಎಲ್ಲವೂ ಆನ್‌ಲೈನ್, ವಕೀಲರು ಬೇಕಿಲ್ಲ. ಆದರೂ ನನ್ನ ಪರಿಚಯದಲ್ಲಿ ಇದರ ಹೆಸರು ಕೇಳಿದವರೇ ಒಬ್ಬಿಬ್ಬರು.

ಹೆಜ್ಜೆ 4: ಖಾಸಗಿ ಚಿತ್ರವಾದರೆ ದಾರಿ ಬೇರೆ

ಹಳೆಯ ಗೆಳೆಯನ ಬೆದರಿಕೆ, ಸಾಲದ ಆ್ಯಪ್‌ನವರು ಮುಖ ಅಂಟಿಸಿ ಕಳಿಸುವ ಚಿತ್ರ, ವಿಡಿಯೊ ಕಾಲ್‌ನ ಬಲೆ, ಇವುಗಳಲ್ಲಿ ಹಣ ಕೊಡಬೇಡಿ. ಒಮ್ಮೆ ಕೊಟ್ಟವರಿಗೆ ಎರಡನೇ ಫೋನ್ ಬರುತ್ತದೆ. ಸಾಕ್ಷ್ಯ ಎಂದು ಆ ಚಿತ್ರವನ್ನು ಮನೆಯವರಿಗೆ, ಗೆಳೆಯರಿಗೆ ಫಾರ್ವರ್ಡ್ ಮಾಡಲೂ ಬೇಡಿ. ಚಿತ್ರದಲ್ಲಿರುವವರು 18 ತುಂಬದವರಾದರೆ ಇಟ್ಟುಕೊಳ್ಳುವುದು, ಹಂಚುವುದು ಎರಡೂ ಅಪರಾಧ. ಲಿಂಕ್ ಬರೆದುಕೊಂಡು ಸೀದಾ ಠಾಣೆಗೆ ಹೋಗಿ.

ಸ್ಟಾಪ್ ಎನ್‌ಸಿಐಐ ಎಂಬ ತಾಣವೊಂದಿದೆ. ಬ್ರಿಟನ್ನಿನ ಸಂಸ್ಥೆಯೊಂದು 2021ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು. ಚಿತ್ರ ಅಲ್ಲಿಗೆ ಹೋಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ, ಹೋಗುವುದಿಲ್ಲ. ನಿಮ್ಮ ಫೋನಿನಲ್ಲೇ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗಿ, ಆ ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಸದಸ್ಯ ತಾಣಗಳಿಗೆ ತಲುಪುತ್ತದೆ. ಆಮೇಲೆ ಯಾರಾದರೂ ಅದೇ ಚಿತ್ರ ಹಾಕಲು ಹೋದರೆ ಸಂಕೇತ ಹೊಂದಿ ಸಿಕ್ಕಿಬೀಳುತ್ತದೆ. ಇದು 18 ತುಂಬಿದವರಿಗೆ. ಚಿಕ್ಕವರಿಗೆ 'ಟೇಕ್ ಇಟ್ ಡೌನ್' ಎಂಬ ಬೇರೆ ತಾಣವಿದೆ. ಟೆಲಿಗ್ರಾಂ ಗುಂಪಿನಲ್ಲಿ ಓಡಾಡುವುದಕ್ಕೆ ಇದು ಮದ್ದಲ್ಲ ಎಂಬುದೂ ನೆನಪಿರಲಿ.

ಎಐನಿಂದ ತಿರುಚಿದ ಚಿತ್ರವಾದರೆ ದೂರು ಕೊಡಬೇಕಾದವರು ಇಬ್ಬರು: ಮುಖದವರೂ ಮೈಯವರೂ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಮುಖ ಅಂಟಿಸಿದ ಲಿಫ್ಟ್ ವಿಡಿಯೊ ಹರಿದಾಡಿದಾಗ ದೇಶವೆಲ್ಲ ಮುಖದ ಬಗ್ಗೆ ಮಾತಾಡಿತು. ಆ ಮೈ ಇನ್ನೊಬ್ಬ ಬ್ರಿಟಿಷ್-ಭಾರತೀಯ ಮಹಿಳೆಯದು, ಅವರನ್ನೂ ಯಾರೂ ಕೇಳಿರಲಿಲ್ಲ. 2024ರ ಜನವರಿಯಲ್ಲಿ ದೆಹಲಿ ಪೊಲೀಸರ ಕೈಗೆ ಸಿಕ್ಕ ಯುವಕ ಅಭಿಮಾನಿ ಪುಟ ನಡೆಸುತ್ತಿದ್ದವನು. ಫಾಲೋವರ್ಸ್ ಹೆಚ್ಚಿಸಿಕೊಳ್ಳಲು ಮಾಡಿದ್ದಂತೆ!

ಹೆಜ್ಜೆ 5: ಠಾಣೆಗೆ ಒಂದು ಪುಟ

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಮಹಿಳೆ, ಮಕ್ಕಳ ಅಶ್ಲೀಲ ಚಿತ್ರಗಳ ವಿಭಾಗದಲ್ಲಿ ಹೆಸರು ಹೇಳದೆಯೂ ಕೊಡಬಹುದು. ಆದರೆ ಪೋರ್ಟಲ್ ನಂಬರ್ ಬಂತೆಂದು ಕೈಕಟ್ಟಿ ಕೂರಬೇಡಿ. ಅದರ ಪ್ರಿಂಟ್ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಹತ್ತಿರದ ಠಾಣೆಯಲ್ಲಿ 'ಇದು ನಮಗೆ ಬರಲ್ಲ, ಸಿಇಎನ್‌ಗೆ ಹೋಗಿ' ಎನ್ನುವುದಕ್ಕೆ ಒಂದು ಹಿನ್ನೆಲೆ ಇದೆ: ಐಟಿ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಆದರೆ ದೂರು ಬರೆದುಕೊಳ್ಳಲು ಅದು ಅಡ್ಡಿಯಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ, ಮಾಹಿತಿಯನ್ನು, ಅದು ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ಪಡೆಯಬೇಕು. ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ.

ದೂರಿನಲ್ಲಿ ಮನನೊಂದ ಕಥೆ ಕೊನೆಗಿರಲಿ. ನಾವು ಬರೆದದ್ದು ಹೀಗಿತ್ತು: 'ಇಂಥ ದಿನ ಬೆಳಿಗ್ಗೆ 10.40ಕ್ಕೆ ನನ್ನ ಮೊಬೈಲ್‌ನಲ್ಲಿ ಈ ಕೆಳಗಿನ ಲಿಂಕ್ ತೆರೆದಾಗ ನನ್ನ ಭಾವಚಿತ್ರ ಕಂಡೆ. ಇದು ನನ್ನ ಆರತಕ್ಷತೆಯ ಚಿತ್ರ. ನನ್ನ ಪತಿಯ ಭಾಗ ಕತ್ತರಿಸಲಾಗಿದೆ, ಅವರ ಬೆರಳುಗಳು ಉಳಿದಿವೆ. ಮೂಲ ಪ್ರತಿ ಲಗತ್ತಿಸಿದೆ. ಬಳಸಲು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ.' ಓದಿದ ಅಧಿಕಾರಿ ಫೋಟೊ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ನಕ್ಕರು, ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಸೆಕ್ಷನ್ ಹಾಕುವುದು ಪೊಲೀಸರ ಕೆಲಸವಾದರೂ ಗೊತ್ತಿದ್ದರೆ ಒಳ್ಳೆಯದು. ನಿಮ್ಮ ಹೆಸರು, ಮುಖ ಬಳಸಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ. ಒಪ್ಪಿಗೆ ಇಲ್ಲದೆ ಗುಪ್ತಾಂಗದ ಚಿತ್ರ ತೆಗೆದರೆ ಅಥವಾ ಹರಡಿದರೆ 66ಇ: ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ರಸ್ತೆಯಲ್ಲಿ ನಡೆದು ಹೋಗುವವರನ್ನು ಕದ್ದು ಚಿತ್ರೀಕರಿಸುವವರು 'ಸಾರ್ವಜನಿಕ ಜಾಗ ತಾನೇ' ಎನ್ನುತ್ತಾರೆ. 2025ರ ಮೇನಲ್ಲಿ ನಮ್ಮ ಮೆಟ್ರೋ ಪ್ರಯಾಣಿಕರ, ಜುಲೈನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ಓಡಾಡುವ ಹೆಣ್ಣುಮಕ್ಕಳ ವಿಡಿಯೊ ಹಾಕುತ್ತಿದ್ದ ಇನ್‌ಸ್ಟಾಗ್ರಾಂ ಖಾತೆಗಳ ಹಿಂದಿದ್ದವರನ್ನು ಬೆಂಗಳೂರು ಪೊಲೀಸರು ಬಂಧಿಸಿದರು. ಆ ಮಾತು ಅಲ್ಲಿ ನಡೆಯಲಿಲ್ಲ.

ಹೆಜ್ಜೆ 6: ಜಾಹೀರಾತು, ಸ್ಟುಡಿಯೊ, ಫ್ಲೆಕ್ಸ್

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಆದರೆ ಪಾರ್ಲರ್ ವಿಷಯಕ್ಕೆ ಅದೇ ಕೋರ್ಟಿನ ಅದಕ್ಕಿಂತ ಹಳೆಯ, 1994ರ ರಾಜಗೋಪಾಲ್ ತೀರ್ಪು ಹೆಚ್ಚು ಕೈಗೆಟುಕುತ್ತದೆ. ಒಬ್ಬರ ಹೆಸರು, ರೂಪವನ್ನು ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದು ಅದರಲ್ಲಿ ಉದಾಹರಣೆ ಸಮೇತ ಬರೆದಿದೆ. ವಕೀಲರ ನೋಟಿಸಿನಲ್ಲಿ ಈ ಒಂದು ಸಾಲು ಇದ್ದರೆ ತೂಕ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೇಲೆ ಮಾತ್ರ ಬಹಳ ಆಸೆ ಬೇಡ. ನೀವೇ ಸಾರ್ವಜನಿಕವಾಗಿ ಹಾಕಿಕೊಂಡ ಫೋಟೊವನ್ನು ಅದು ಹೊರಗಿಟ್ಟಿದೆ.

ಕೃತಿಸ್ವಾಮ್ಯ ಎಂಬ ಇನ್ನೊಂದು ಬಾಗಿಲಿದೆ. ಸೆಲ್ಫಿಗೆ ನೀವೇ ಒಡೆಯರು. ಗೆಳತಿ ತೆಗೆದ ಫೋಟೊಗೆ ಗೆಳತಿ ಒಡತಿ. ಹಣ ಕೊಟ್ಟು ಸ್ಟುಡಿಯೊದವರಿಂದ ತೆಗೆಸಿದ ಫೋಟೊಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರು ಒಡೆಯರು ಎನ್ನುತ್ತದೆ 1957ರ ಕಾಯ್ದೆಯ 17ನೇ ಸೆಕ್ಷನ್. 'ಫೋಟೊ ನಮ್ಮದು ಸಾರ್' ಎನ್ನುವ ಸ್ಟುಡಿಯೊದವರಿಗೆ ಬಿಲ್ ತೋರಿಸಿ, ಕರಾರಿನ ಕೊನೆಯ ಸಣ್ಣಕ್ಷರಗಳನ್ನೂ ಓದಿಕೊಂಡು ಹೋಗಿ. ನಮ್ಮಲ್ಲಿ ಬುಕ್ ಮಾಡಿ ದುಡ್ಡು ಕೊಟ್ಟವರು ಚಿಕ್ಕಪ್ಪ. ಹಾಗಾಗಿ ಇನ್‌ಸ್ಟಾಗ್ರಾಂ ಅಂದರೆ ಏನೆಂದೇ ಗೊತ್ತಿಲ್ಲದ ಅವರ ಹೆಸರಲ್ಲಿ ಕೃತಿಸ್ವಾಮ್ಯದ ಫಾರ್ಮ್ ತುಂಬಿದೆವು, ಹೊಸ ಪುಟದಲ್ಲಿದ್ದ ಫೋಟೊ ಹೋಯಿತು. ಒಂದು ಎಚ್ಚರ: ಈ ದೂರಿನಲ್ಲಿ ನಿಮ್ಮ ಹೆಸರು, ಇ-ಮೇಲ್ ಎದುರಿನವರಿಗೆ ಸಿಗಬಹುದು. ಹಿಂದೆ ಬಿದ್ದು ಕಾಡುವವನ ಮೇಲೆ ಇದನ್ನು ಬಳಸಬೇಡಿ.

ಇನ್ನು ಫ್ಲೆಕ್ಸ್. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ, ಯಾವ ಊರಲ್ಲೂ ನೋಡಿದರೆ ಹಾಗೆ ಅನಿಸುವುದಿಲ್ಲ. ಖಾಸಗಿತನದ ಹಕ್ಕು ಎಂದು ವಾದಿಸುವ ಮೊದಲು ಪುರಸಭೆಗೆ 'ಅನುಮತಿ ಇಲ್ಲದ ಫ್ಲೆಕ್ಸ್' ಎಂದು ಅರ್ಜಿ ಕೊಟ್ಟರೆ ಬೇಗ ಇಳಿಯಬಹುದು. ಇಳಿಸುವ ಮೊದಲು ನಾಲ್ಕೂ ಕಡೆಯಿಂದ, ಪಕ್ಕದ ಅಂಗಡಿಯ ಬೋರ್ಡ್ ಕಾಣುವಂತೆ ಫೋಟೊ ತೆಗೆದುಕೊಳ್ಳಿ.

ತೆಗೆಸಿದ ಮೇಲೆ

ಪುಟದಿಂದ ಹೋದರೂ ಗೂಗಲ್ ಹುಡುಕಾಟದಲ್ಲಿ ಚಿಕ್ಕ ಚಿತ್ರ ಕೆಲ ದಿನ ಉಳಿಯುತ್ತದೆ. ಹಳತಾದ ಫಲಿತಾಂಶ ತೆಗೆಸಲು ಗೂಗಲ್‌ನದೇ ಫಾರ್ಮ್ ಇದೆ. ತಿಂಗಳಿಗೊಮ್ಮೆ ಲೆನ್ಸ್‌ನಲ್ಲಿ ಮತ್ತೆ ಹುಡುಕಿ. ವಾಟ್ಸ್‌ಆ್ಯಪ್ ಪ್ರೈವಸಿಯಲ್ಲಿ ಡಿಪಿಯನ್ನು 'ಮೈ ಕಾಂಟ್ಯಾಕ್ಟ್ಸ್'ಗೆ ಇಳಿಸುವುದು ಅರ್ಧ ನಿಮಿಷದ ಕೆಲಸ, ಈಗಲೇ ಮಾಡಿ.

ಆ ಫ್ಲೆಕ್ಸ್ ಏನಾಯಿತು ಎಂದು ನಾವು ಕೇಳಿರಲಿಲ್ಲ. ಮೊನ್ನೆ ಆ ಪೇಟೆಗೆ ಹೋದಾಗ ಎಳನೀರು ಗಾಡಿಯ ಮೇಲೆ ಬಿಸಿಲಿಗೆ ಮರೆ ಕಟ್ಟಿದ್ದರು. ಕಾಯಿ ಕೊಚ್ಚಿಸಿಕೊಂಡು ತಲೆ ಎತ್ತಿದರೆ, ಒಳಮಗ್ಗುಲಲ್ಲಿ ಅವಳ ಭುಜ, ಅದರ ಮೇಲೆ ನಾಲ್ಕು ಬೆರಳು.